ಬಿಸಿಗೂ ಒಂದು ಹದ ಇದೆ

ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಧಾರಾವಿಯ ತೊಂಬತ್ತು ಅಡಿ ರಸ್ತೆಯಿಂದ ಒಳಗೆ ಹೋಗುವ ಗಲ್ಲಿಯೊಂದರಲ್ಲಿ, ಕಬ್ಬಿಣದ ಏಣಿ ಹತ್ತಿ ಸೇರಬೇಕಾದ ಒಂದೇ ಕೋಣೆಯ ಮನೆಗೆ ಭಾನುವಾರ ಸಂಜೆ ಹೋಗಿದ್ದೆ. ಯಾದಗಿರಿ ಕಡೆಯ ಕುಟುಂಬ. ಗಂಡಸರು ಕಟ್ಟಡದ ಕೆಲಸಕ್ಕೆ, ಹೆಂಗಸರು ಮನೆಗೆಲಸಕ್ಕೆ ಹೋಗುವವರು. ಊರಿನಿಂದ ಬಂದಿದ್ದ ಮನೆಯ ಹಿರಿಯಕ್ಕ ಎರಡು ತಿಂಗಳಿಂದ ಅಲ್ಲೇ ಇದ್ದರು. ಸ್ತನದ ಕ್ಯಾನ್ಸರ್. ಮೂರು ವಾರಕ್ಕೊಮ್ಮೆ ಸಾಯನ್‌ನಲ್ಲಿ ಲೋಕಲ್ ಹತ್ತಿ ಪರೇಲ್‌ನಲ್ಲಿ ಇಳಿದು, ಕೀಮೋ ಮುಗಿಸಿಕೊಂಡು ಬರುತ್ತಿದ್ದರು.

ಅಂದು ಕೀಮೋ ಆಗಿ ಹತ್ತನೆಯ ದಿನ. ಅಕ್ಕ ಎರಡು ಚಾದರ ಹೊದ್ದು ನಡುಗುತ್ತಿದ್ದರು. ಹಣೆ ಮುಟ್ಟಿದರೆ ಸುಡುತ್ತಿತ್ತು.

“ಡಾಕ್ಟರಿಗೆ ಫೋನ್ ಮಾಡಿದಿರಾ?” ಎಂದೆ.

ತಂಗಿಯ ಮುಖದಲ್ಲಿ ಗಾಬರಿ ಇರಲಿಲ್ಲ. “ಇಲ್ರೀ. ಮೈ ಬಿಸಿ ಆದ್ರ ಛಲೋನೇ ಅಂತ. ಬಿಸಿಗೆ ಗಂಟು ಕರಗ್ತದಂತ. ಮೊಬೈಲ್‌ನ್ಯಾಗ ಬಂದದ, ನೋಡ್ರಿ.”

ಫೋನ್ ನೋಡುವ ಹೊತ್ತು ಅದಾಗಿರಲಿಲ್ಲ. ಪಕ್ಕದ ಮನೆಯಿಂದ ಥರ್ಮಾಮೀಟರ್ ತರಿಸಿ ನೋಡಿದರೆ 102. ಟ್ಯಾಕ್ಸಿ ಹಿಡಿದೆವು. ರಕ್ತ ಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳು ತಳ ಮುಟ್ಟಿದ್ದವು. ಅಂದೇ ರಾತ್ರಿ ನರಕ್ಕೆ ಆಂಟಿಬಯೋಟಿಕ್ ಏರಿಸಿದರು. ಐದು ದಿನ ಆಸ್ಪತ್ರೆಯಲ್ಲಿದ್ದು ಅಕ್ಕ ಮನೆಗೆ ಬಂದರು. “ಬೆಳಗಿನ ತನಕ ಕಾದಿದ್ದರೆ ಏನಾಗುತ್ತಿತ್ತೋ” ಎಂದು ಅಲ್ಲಿನ ವೈದ್ಯೆ ಹೇಳಿದ ಮಾತನ್ನು ನಾನು ಅಕ್ಕನ ಕಿವಿಗೆ ಹಾಕಲಿಲ್ಲ.

ಚೇತರಿಸಿಕೊಂಡ ಮೇಲೆ ಅಕ್ಕ ನನ್ನನ್ನು ಕೂರಿಸಿಕೊಂಡು ಕೇಳಿದರು: “ಬಿಸಿಗೆ ಗಂಟು ಕರಗೂದು ಸುಳ್ಳು ಅಂದ್ರಿ. ಆದ್ರ ನನ್ನ ಬಾಜೂಕಿನ ಹಾಸಿಗಿಯಾಕಿಗಿ ಹೊಟ್ಟಿ ಕೊಯ್ದು, ಬಿಸಿಬಿಸಿ ಮದ್ದು ಹೊಟ್ಟ್ಯಾಗ ಹಾಕಿ ತೊಳದಾರಂತ. ಹಂಗಾದ್ರ ಅದೂ ಸುಳ್ಳೇನು?”

ಪ್ರಶ್ನೆ ನ್ಯಾಯವಾದದ್ದು. ಅಂದು ಅರ್ಧಂಬರ್ಧ ಉತ್ತರ ಕೊಟ್ಟು ಬಂದೆ. ಪೂರ್ತಿ ಉತ್ತರವನ್ನು ಈ ಸಲದ ಅಂಕಣದಲ್ಲಿ ಬರೆಯುತ್ತಿದ್ದೇನೆ. ಊರಿನಿಂದ ಚಿಕಿತ್ಸೆಗೆಂದು ಬಂದವರಿಗೆ ಜಾಗ ಕೊಟ್ಟಿರುವ ಮನೆಗಳು ನಮ್ಮ ಓದುಗರಲ್ಲಿ ಎಷ್ಟಿವೆ ಎಂಬುದು ನನಗೆ ಗೊತ್ತು.

ತಂಪಿನ ಎಳನೀರನ್ನು ಕಾಯಿಸಿದವರು

ಮೊದಲು ಆ ಮೊಬೈಲ್ ಸಂದೇಶ. ಬಿಸಿ ಮಾಡಿದ ಎಳನೀರು ಕ್ಯಾನ್ಸರ್ ಕಣಗಳನ್ನು ಕೊಲ್ಲುತ್ತದೆ, ಆದ್ದರಿಂದ ಇದನ್ನು ಹತ್ತು ಜನರಿಗೆ ಕಳಿಸಿ ಎನ್ನುವ ಸಂದೇಶ ಅದು. ಕೆಳಗೆ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಅವರ ಹೆಸರು. ಹೆಸರು ನಿಜ, ಆಸ್ಪತ್ರೆ ನಿಜ, ಮಾತು ಮಾತ್ರ ಅವರದಲ್ಲ. 2019ರಲ್ಲಿ ಇದು ಊರೆಲ್ಲ ಹರಿದಾಡಿದಾಗ ಬಡ್ವೆಯವರೇ ಇದು ಸುಳ್ಳು, ತಾವು ಹೀಗೆ ಹೇಳಿಲ್ಲ ಎಂದು ಸ್ಪಷ್ಟಪಡಿಸಿದ್ದರು. ಆದರೂ ಸಂದೇಶ ಸತ್ತಿಲ್ಲ. ಭಾಷೆ ಬದಲಿಸುತ್ತ, ಕೆಲವೊಮ್ಮೆ ಎಳನೀರಿನ ಬದಲು ಅನಾನಸು ಹಾಕಿಕೊಂಡು ಮತ್ತೆ ಮತ್ತೆ ಬರುತ್ತಲೇ ಇದೆ.

ನಮ್ಮಲ್ಲಿ ಎಳನೀರು ಕೊಡುವುದೇ ತಂಪಿಗೆಂದು. ಜ್ವರ ಬಂದರೆ, ಉರಿ ಎಂದರೆ, ಉಷ್ಣವಾಯಿತೆಂದರೆ ಎಳನೀರು. ಅದನ್ನೇ ಒಲೆಯ ಮೇಲಿಟ್ಟು ಕಾಯಿಸಿ ಕುಡಿಯಿರಿ ಎಂದರೆ ನಮ್ಮ ಅಜ್ಜಿಯರೇ ನಗುತ್ತಿದ್ದರು. ಆದರೆ ಟಾಟಾ ಹೆಸರು ಕಂಡರೆ ನಗು ನಿಂತುಬಿಡುತ್ತದೆ. 1941ರಿಂದ ಪರೇಲ್‌ನಲ್ಲಿ ನಿಂತಿರುವ ಆ ಆಸ್ಪತ್ರೆಯ ಮೇಲೆ ಬಡವರು ಇಟ್ಟಿರುವ ನಂಬಿಕೆಯನ್ನೇ ಆ ಸುಳ್ಳು ಬಂಡವಾಳ ಮಾಡಿಕೊಂಡಿದೆ.

ಬಿಸಿ ಕುಡಿದರೆ ಗಂಟಿಗೆ ಬಿಸಿ ತಟ್ಟುವುದಿಲ್ಲ ಏಕೆ? ನಮ್ಮ ಶರೀರ 37 ಡಿಗ್ರಿ ಸೆಲ್ಸಿಯಸ್ ಆಸುಪಾಸನ್ನು ಹಟದಿಂದ ಕಾಯ್ದುಕೊಳ್ಳುತ್ತದೆ. ಕಲಬುರಗಿ, ಯಾದಗಿರಿಯ ಬೇಸಿಗೆ 42 ಡಿಗ್ರಿ ಮುಟ್ಟುತ್ತದೆ. ಆ ಬಿಸಿಲಲ್ಲಿ ದಿನವಿಡೀ ಹೊಲದಲ್ಲಿ ನಿಂತವರ ರಕ್ತವೂ 42 ಆಗುವುದಿಲ್ಲ. ಬೆವರಿ, ಚರ್ಮದತ್ತ ರಕ್ತ ಹರಿಸಿ, ಶರೀರ ತನ್ನ ಲೆಕ್ಕಕ್ಕೆ ತಾನು ಬರುತ್ತದೆ. ಹಾಗೆ ಬರಲಾಗದಿದ್ದರೆ ಅದನ್ನೇ ಬಿಸಿಲಾಘಾತ ಎನ್ನುವುದು. ಒಂದು ಲೋಟ ಬಿಸಿನೀರಿನ ಕಾವು ಹೊಟ್ಟೆಗೆ ಇಳಿಯುವಷ್ಟರಲ್ಲಿ ಕರಗಿಹೋಗಿರುತ್ತದೆ. ಹೊರಗಿನ ಬಿಸಿಯೇ ಮದ್ದಾಗಿದ್ದರೆ ಕಲಬುರಗಿಯಿಂದ ಯಾರೂ ರೈಲು ಹತ್ತಿ ಪರೇಲಿಗೆ ಬರಬೇಕಿರಲಿಲ್ಲ.

ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ಅನ್ನನಾಳದ ಕ್ಯಾನ್ಸರಿಗೆ ಕಾರಣವಾಗಬಹುದಾದವುಗಳ ಪಟ್ಟಿಗೆ ಸೇರಿಸಿತು. ಎಳನೀರಾಗಲಿ, ಚಹಾ ಆಗಲಿ, ಸುಡುಸುಡು ಕುಡಿಯುವುದು ಗುಣ ಮಾಡುವ ಬದಲು ಕೇಡನ್ನೇ ತರಬಹುದು.

ಮದ್ದು ಗಂಟಿಗೆ ತಲುಪುವುದು ಸುಲಭವಲ್ಲ

ಇಷ್ಟಾದರೂ ಅಕ್ಕನ ಪಕ್ಕದ ಹಾಸಿಗೆಯಾಕೆ ಹೇಳಿದ್ದು ಸುಳ್ಳಲ್ಲ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಬಿಸಿಗೆ ನಿಜವಾದ ಜಾಗ ಒಂದಿದೆ. ಅದು ತಿಳಿಯಬೇಕಾದರೆ ಮದ್ದಿನ ಕಷ್ಟ ಮೊದಲು ತಿಳಿಯಬೇಕು.

ಅಕ್ಕನಿಗೆ ಹಾಕುತ್ತಿದ್ದ ಮದ್ದುಗಳಲ್ಲಿ ಒಂದು ಡಾಕ್ಸೊರೂಬಿಸಿನ್. ಕೆಂಪು ಬಣ್ಣದ್ದು. ಹಾಕಿದ ಮರುದಿನ ಮೂತ್ರ ಕೆಂಪಾದಾಗ ರಕ್ತ ಹೋಗುತ್ತಿದೆಯೆಂದು ಹೆದರದವರು ಕಡಿಮೆ. ಅದನ್ನು ತೋಳಿನ ನರಕ್ಕೆ ಏರಿಸುತ್ತಾರೆ. ಅಲ್ಲಿಂದ ಅದು ಮೈಯೆಲ್ಲ ಸುತ್ತುತ್ತದೆ. ಗಂಟಿಗೂ ಹೋಗುತ್ತದೆ, ಕೂದಲಿನ ಬುಡಕ್ಕೂ ಹೋಗುತ್ತದೆ, ಬಾಯಿಯ ಒಳಪೊರೆಗೂ ಹೋಗುತ್ತದೆ, ರಕ್ತ ಹುಟ್ಟುವ ಮಜ್ಜೆಗೂ ಹೋಗುತ್ತದೆ. ಕೂದಲು ಉದುರುವುದು, ಬಾಯಿ ಹುಣ್ಣಾಗುವುದು, ಬಿಳಿ ಕಣ ಇಳಿಯುವುದು ಇದಕ್ಕೇ. ಹೃದಯದ ಮೇಲೂ ಅದರ ಭಾರ ಬೀಳುವುದರಿಂದ ಒಬ್ಬರಿಗೆ ಜೀವಮಾನದಲ್ಲಿ ಒಟ್ಟು ಇಷ್ಟೇ ಕೊಡಬಹುದು ಎಂಬ ಮಿತಿ ಇದೆ. ಇನ್ನಷ್ಟು ಹಾಕಿ ಗಂಟನ್ನು ಮುಗಿಸಿಬಿಡಿ ಎಂದರೆ ಆಗುವುದಿಲ್ಲ.

ಗಂಟಾದರೂ ಮದ್ದನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆಯೇ? ಕ್ಯಾನ್ಸರ್ ಗಂಟು ಅವಸರದಲ್ಲಿ ಬೆಳೆದ ಬಸ್ತಿ. ಅದರ ರಕ್ತನಾಳಗಳು ನಕ್ಷೆ ಇಲ್ಲದೆ ಎಳೆದ ಪೈಪುಗಳು. ಕೆಲವು ಸೋರುತ್ತವೆ, ಕೆಲವು ಕುರುಡಾಗಿ ಕೊನೆಯಾಗುತ್ತವೆ, ಕೆಲವು ಕಡೆ ನೀರೇ ಹರಿಯುವುದಿಲ್ಲ. ಸೋರಿದ ದ್ರವ ಹೊರಹೋಗಲು ಗಟಾರವೂ ಸರಿ ಇರುವುದಿಲ್ಲ. ಹೀಗಾಗಿ ಒಳಗೆ ಒತ್ತಡ ಏರಿ, ಬರುವ ಮದ್ದನ್ನು ಹೊರಕ್ಕೆ ತಳ್ಳುತ್ತದೆ. ಕಾನ್ಪುರ ಐಐಟಿಯಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ರಾಕೇಶ್ ಜೈನ್ ಈ ಒಳಒತ್ತಡದ ಲೆಕ್ಕವನ್ನು ದಶಕಗಳ ಕಾಲ ಬಿಡಿಸಿದವರು. ಪೈಪು, ಹರಿವು, ಒತ್ತಡಗಳ ಎಂಜಿನಿಯರಿಂಗ್ ಕಣ್ಣು ಇಲ್ಲಿ ಕೆಲಸಕ್ಕೆ ಬಂತು.

ಮದ್ದನ್ನು ನ್ಯಾನೋ ಕಣಗಳಲ್ಲಿ ತುಂಬಿ ಗಂಟಿಗೇ ಕಳಿಸೋಣ ಎಂದು ಜಗತ್ತಿನ ಪ್ರಯೋಗಾಲಯಗಳು ದುಡಿದವು. ಟೊರಾಂಟೊ ವಿಶ್ವವಿದ್ಯಾಲಯದ ತಂಡವೊಂದು ಹಿಂದಿನ ಹತ್ತು ವರ್ಷಗಳ ಇಂಥ ಪ್ರಯೋಗಗಳನ್ನು ಒಟ್ಟು ಹಾಕಿ 2016ರಲ್ಲಿ ಲೆಕ್ಕ ತೆಗೆಯಿತು. ಚುಚ್ಚಿದ ನ್ಯಾನೋ ಕಣಗಳಲ್ಲಿ ಗಂಟಿಗೆ ತಲುಪಿದ್ದು ನಡುಮಟ್ಟದ ಲೆಕ್ಕದಲ್ಲಿ ಶೇಕಡಾ 0.7. ನೂರರಲ್ಲಿ ಒಂದು ಪಾಲೂ ಇಲ್ಲ.

ತೊಂದರೆ ಮದ್ದಿನ ಶಕ್ತಿಯದ್ದಷ್ಟೇ ಅಲ್ಲ, ದಾರಿಯದ್ದೂ ಹೌದು. ಬಿಸಿಯ ಕಥೆ ಇಲ್ಲಿಂದ ಶುರುವಾಗುತ್ತದೆ.

ಕಾವು ಏನು ಮಾಡುತ್ತದೆ

ಉಳುಕಿದ ಕಾಲಿಗೆ ಶಾಖ ಕೊಟ್ಟರೆ ಚರ್ಮ ಕೆಂಪಾಗುವುದನ್ನು ಎಲ್ಲರೂ ನೋಡಿದ್ದೇವೆ. ಅಲ್ಲಿ ರಕ್ತನಾಳ ಅರಳಿ, ರಕ್ತ ಹೆಚ್ಚು ಹರಿಯುತ್ತಿದೆ ಎಂದರ್ಥ. ಗಂಟಿನ ಜಾಗವನ್ನು 40ರಿಂದ 43 ಡಿಗ್ರಿಯವರೆಗೆ ಕಾಯಿಸಿದರೆ ಆಗುವುದೂ ಮೊದಲಿಗೆ ಇದೇ. ಹರಿವು ಹೆಚ್ಚುತ್ತದೆ. ನಾಳದ ಗೋಡೆಯ ಸಂದುಗಳು ಸಡಿಲವಾಗಿ ಮದ್ದು ಹೊರಕ್ಕೆ, ಅಂದರೆ ಗಂಟಿನ ಮಾಂಸಕ್ಕೆ, ಇಳಿಯುತ್ತದೆ.

ಎರಡನೆಯದು ಕಣದ ಒಳಗಿನ ಕೆಲಸ. ಸಿಸ್‌ಪ್ಲಾಟಿನ್‌ನಂಥ ಮದ್ದುಗಳು ಕ್ಯಾನ್ಸರ್ ಕಣದ ಡಿಎನ್ಎಯನ್ನು ಹಾಳುಮಾಡುತ್ತವೆ. ಕಣ ಸುಮ್ಮನಿರುವುದಿಲ್ಲ, ಒಡೆದದ್ದನ್ನು ಕೂಡಿಸಿಕೊಳ್ಳಲು ಅದರ ಬಳಿ ರಿಪೇರಿ ಸಾಮಾನು ಇದೆ. 41–42 ಡಿಗ್ರಿ ಕಾವಿನಲ್ಲಿ ಆ ರಿಪೇರಿಯ ಕೆಲವು ಪ್ರೋಟೀನುಗಳು ಕೆಡುತ್ತವೆ. ಮದ್ದು ಒಡೆಯುತ್ತದೆ, ಕಾವು ಕೂಡಿಸಲು ಬಿಡುವುದಿಲ್ಲ.

ಮೂರನೆಯದು ನನಗೆ ಬಹಳ ಹಿಡಿಸಿದ್ದು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಶೀಸೆಯಲ್ಲಿ ಹೆಪ್ಪುಗಟ್ಟುತ್ತದೆ. ಅಂಗೈಯಲ್ಲಿ ಹಿಡಿದರೆ ಕರಗಿ ಹರಿಯುತ್ತದೆ. ಪ್ರತಿಯೊಂದು ಕೊಬ್ಬಿಗೂ ಕರಗುವ ತನ್ನದೇ ಮಟ್ಟವಿದೆ. 1960ರ ದಶಕದಲ್ಲಿ ಕೇಂಬ್ರಿಜ್ ಬಳಿಯ ಪ್ರಯೋಗಾಲಯದಲ್ಲಿ ಅಲೆಕ್ ಬಾಂಗಮ್, ಕೊಬ್ಬಿನ ಅಣುಗಳು ನೀರಿನಲ್ಲಿ ತಾವಾಗಿಯೇ ಗುಳ್ಳೆ ಕಟ್ಟಿಕೊಳ್ಳುವುದನ್ನು ತೋರಿಸಿದರು. ಅವೇ ಲೈಪೋಸೋಮ್‌ಗಳು. ಮದ್ದು ತುಂಬುವ ಗುಳ್ಳೆ ಕೂದಲೆಳೆಯ ದಪ್ಪದ ಸುಮಾರು ಸಾವಿರದ ಒಂದು ಪಾಲಿನಷ್ಟು. 1978ರಲ್ಲಿ ಅಮೆರಿಕದ ಯಾಟ್ವಿನ್ ಮತ್ತು ಸಂಗಡಿಗರು ಒಂದು ಉಪಾಯ ಮುಂದಿಟ್ಟರು. ಮೈಯ 37 ಡಿಗ್ರಿಯಲ್ಲಿ ಗಟ್ಟಿಯಾಗಿರುವ, ಅದಕ್ಕಿಂತ ನಾಲ್ಕೈದು ಡಿಗ್ರಿ ಮೇಲೆ ಹೋದರೆ ಸಡಿಲವಾಗುವ ಕೊಬ್ಬಿನಿಂದ ಗುಳ್ಳೆ ಮಾಡೋಣ. ಒಳಗೆ ಮದ್ದು ತುಂಬೋಣ. ಗಂಟಿರುವ ಜಾಗವನ್ನಷ್ಟೇ ಬಿಸಿ ಮಾಡೋಣ. ಗುಳ್ಳೆ ಊರೆಲ್ಲ ಸುತ್ತಿ, ಬಿಸಿ ಇರುವ ಓಣಿಯಲ್ಲಿ ಮಾತ್ರ ಬಾಯಿ ಬಿಡಲಿ.

ಈ ದಾರಿಯಲ್ಲಿ ಮುಂದೆ ಬಂದ ಮದ್ದಿನ ಹೆಸರು ಥರ್ಮೋಡಾಕ್ಸ್. ಅಕ್ಕನ ಅದೇ ಕೆಂಪು ಡಾಕ್ಸೊರೂಬಿಸಿನ್, ಆದರೆ ಸುಮಾರು 40 ಡಿಗ್ರಿ ದಾಟಿದರೆ ಕೆಲವೇ ಕ್ಷಣಗಳಲ್ಲಿ ಬಿಟ್ಟುಕೊಡುವ ಗುಳ್ಳೆಯಲ್ಲಿ. 2018ರಲ್ಲಿ ಆಕ್ಸ್‌ಫರ್ಡ್ ತಂಡ ಯಕೃತ್ತಿನಲ್ಲಿ ಗಂಟಿದ್ದ 10 ರೋಗಿಗಳಿಗೆ ಇದನ್ನು ಕೊಟ್ಟು, ಹೊರಗಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಗಂಟಿನ ಮೇಲೆ ಕೂಡಿಸಿ ಮೆಲುವಾಗಿ ಕಾಯಿಸಿತು. ಗಂಟಿನೊಳಗಿನ ಮದ್ದು ಸರಾಸರಿ 3.7 ಪಟ್ಟು ಹೆಚ್ಚಿತು. ಕತ್ತಿ ಇಲ್ಲ, ಗಾಯ ಇಲ್ಲ, ಮದ್ದಿನ ಡೋಸೂ ಹೆಚ್ಚಿಲ್ಲ.

ಕುಂಬಾರವಾಡದ ಲೆಕ್ಕ

ಧಾರಾವಿಯಲ್ಲಿ ಇದ್ದವರಿಗೆ ಕುಂಬಾರವಾಡ ಗೊತ್ತು. ಸೌರಾಷ್ಟ್ರದಿಂದ ಬಂದ ಕುಂಬಾರರು ಹತ್ತಿಯ ಚಿಂದಿ ತುರುಕಿ ಉರಿಸುವ ಭಟ್ಟಿಗಳು, ಸಂಜೆಯ ಹೊಗೆ, ಸಾಲಾಗಿ ಇಟ್ಟ ಹಣತೆ. ಕಾವು ಕಡಿಮೆಯಾದರೆ ಮಡಕೆ ನೀರಿಗೆ ಕರಗುತ್ತದೆ, ಹೆಚ್ಚಾದರೆ ಸಿಡಿಯುತ್ತದೆ. ಬೆಂಕಿ ಹಚ್ಚಲು ಯಾರಿಗೂ ಬರುತ್ತದೆ. ಹದ ನೋಡುವುದೇ ಕುಂಬಾರಿಕೆ.

ವೈದ್ಯರ ಕಾವಿಗೂ ಹೀಗೊಂದು ಹದದ ಲೆಕ್ಕ ಇದೆ. 1984ರಲ್ಲಿ ಸಪಾರೆಟೊ ಮತ್ತು ಡ್ಯೂಯಿ ಎಂಬಿಬ್ಬರು ಅದನ್ನು ಸರಳ ಸೂತ್ರ ಮಾಡಿಕೊಟ್ಟರು. 43 ಡಿಗ್ರಿಯಿಂದ ಮೇಲೆ ಒಂದೊಂದು ಡಿಗ್ರಿ ಏರಿದರೂ ಅದೇ ಪರಿಣಾಮಕ್ಕೆ ಬೇಕಾದ ಹೊತ್ತು ಅರ್ಧವಾಗುತ್ತದೆ. 43ರಲ್ಲಿ 60 ನಿಮಿಷ ಬೇಕಾದದ್ದಕ್ಕೆ 44ರಲ್ಲಿ 30, 45ರಲ್ಲಿ 15 ನಿಮಿಷ. ಕೆಳಗೆ ಇಳಿದರೆ ಹೊತ್ತು ನಾಲ್ಕು ಪಟ್ಟಾಗುತ್ತದೆ: 42ರಲ್ಲಿ 240 ನಿಮಿಷ. ಒಂದೇ ಒಂದು ಡಿಗ್ರಿಯ ತಪ್ಪಿಗೆ ಇಷ್ಟು ವ್ಯತ್ಯಾಸ. ಮೇಲೆ ಹೋದರೆ ಗಂಟಿನ ಜೊತೆ ಪಕ್ಕದ ಒಳ್ಳೆಯ ಮಾಂಸವೂ ಬೇಯುತ್ತದೆ, ಬೆಂದ ರಕ್ತನಾಳ ಮುಚ್ಚಿಕೊಂಡು ಮದ್ದಿನ ದಾರಿಯೇ ಕಟ್ಟಾಗುತ್ತದೆ. ಅದಕ್ಕೇ ಇಂಥ ಚಿಕಿತ್ಸೆಯಲ್ಲಿ ತಾಪ ಅಳೆಯುವ ಸಣ್ಣ ತಂತಿಗಳನ್ನು ಗಂಟಿನ ಒಳಗೋ ಪಕ್ಕದಲ್ಲೋ ಇಟ್ಟು, ಉದ್ದಕ್ಕೂ ಅಳೆಯುತ್ತಲೇ ಇರುತ್ತಾರೆ.

ಬಿಸಿನೀರಿನ ಚೀಲವನ್ನು ಗಂಟಿನ ಮೇಲೆ ಇಟ್ಟುಕೊಂಡರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಅದರ ಕಾವು ಚರ್ಮದ ಕೆಳಗೆ ಹೆಚ್ಚು ಇಳಿಯುವುದಿಲ್ಲ, ಚರ್ಮವನ್ನು ಮಾತ್ರ ಸುಡಬಲ್ಲದು. ಕೀಮೋದಿಂದ ಕೈಕಾಲು ಜೋಮು ಹಿಡಿದವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ. ಸ್ತನದ ಆಪರೇಷನ್ ಆಗಿ ಕಂಕುಳಿನ ಗ್ರಂಥಿ ತೆಗೆಸಿಕೊಂಡವರು ಆ ಬದಿಯ ತೋಳಿಗೆ ಬಿಸಿ ಶಾಖ ಕೊಡಬಾರದು, ತೋಳು ಬಾತುಕೊಳ್ಳಬಹುದು. ನಮ್ಮ ಊರುಗಳಲ್ಲಿ ಕಾಮಾಲೆಗೆ ಬರೆ ಹಾಕಿಸುತ್ತಿದ್ದ ಕಾಲ ನೆನಪಿದೆ. ಬರೆಯಿಂದ ಕಾಮಾಲೆ ಹೋಗಲಿಲ್ಲ, ಕಲೆ ಮಾತ್ರ ಉಳಿಯಿತು.

ಗೆದ್ದದ್ದು, ಸೋತದ್ದು

ಈ ಕಾವು ರೋಗಿಯ ಆಯುಷ್ಯ ಹೆಚ್ಚಿಸುತ್ತದೆಯೇ? ಉತ್ತರ ಹೌದೂ ಹೌದು, ಇಲ್ಲವೂ ಹೌದು. ಎರಡನ್ನೂ ಹೇಳಿದರೇ ನ್ಯಾಯ.

ಸ್ನಾಯು, ಕೊಬ್ಬಿನಂಥ ಮೆದು ಮಾಂಸದಲ್ಲಿ ಹುಟ್ಟುವ ಸಾರ್ಕೋಮಾ ಎಂಬ ಕ್ಯಾನ್ಸರ್ ಇದೆ. ಯುರೋಪ್ ಮತ್ತು ಅಮೆರಿಕದ 341 ರೋಗಿಗಳಲ್ಲಿ ಅರ್ಧ ಜನರಿಗೆ ಕೀಮೋ ಮಾತ್ರ, ಅರ್ಧ ಜನರಿಗೆ ಕೀಮೋ ಜೊತೆ ಗಂಟಿನ ಜಾಗಕ್ಕೆ ಒಂದು ತಾಸು ಕಾವು ಕೊಟ್ಟರು. ರೇಡಿಯೋ ಅಲೆಗಳ ಆಂಟೆನಾಗಳು ಸುತ್ತಲೂ ಇರುವ ಯಂತ್ರದಲ್ಲಿ ರೋಗಿಯನ್ನು ಮಲಗಿಸುತ್ತಾರೆ, ಚರ್ಮ ಸುಡದಂತೆ ನಡುವೆ ನೀರಿನ ಚೀಲ ಇರುತ್ತದೆ. 2018ರಲ್ಲಿ ಬಂದ ಅಂತಿಮ ಲೆಕ್ಕದಂತೆ ಹತ್ತು ವರ್ಷ ಬದುಕಿದವರು ಕೀಮೋ ಮಾತ್ರ ಪಡೆದವರಲ್ಲಿ ಶೇಕಡಾ 42.7, ಕಾವೂ ಸೇರಿದವರಲ್ಲಿ ಶೇಕಡಾ 52.6.

ಎರಡನೆಯದು ಅಕ್ಕನ ಪಕ್ಕದ ಹಾಸಿಗೆಯಾಕೆಯ ಚಿಕಿತ್ಸೆ. ಅಂಡಾಶಯದ ಕ್ಯಾನ್ಸರ್ ಹೊಟ್ಟೆಯ ಒಳಪೊರೆಯ ಮೇಲೆ ರಾಗಿ ಕಾಳಿನಂತೆ ಹರಡುತ್ತದೆ. ಕಣ್ಣಿಗೆ ಕಂಡದ್ದನ್ನೆಲ್ಲ ಶಸ್ತ್ರವೈದ್ಯರು ತೆಗೆಯುತ್ತಾರೆ. ಕಾಣದೇ ಉಳಿದವಕ್ಕೆಂದು ಕಾಯಿಸಿದ ಕೀಮೋ ದ್ರವವನ್ನು ಹೊಟ್ಟೆಯೊಳಗೆ ಹರಿಸಿ ತೊಳೆಯುತ್ತಾರೆ. ಇದನ್ನು ಹೈಪೆಕ್ ಎನ್ನುತ್ತಾರೆ. ಟಾಟಾ ಸ್ಮಾರಕ ಆಸ್ಪತ್ರೆಯೂ ಸೇರಿದಂತೆ ನಮ್ಮ ದೇಶದ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು ಮುಂದೆ ನಿಂತು ನಡೆಸಿದ, 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಮೂರನೆಯ ಹಂತದ 245 ಮಹಿಳೆಯರಿದ್ದರು. ಹೊಟ್ಟೆಯಲ್ಲಿ 40 ಡಿಗ್ರಿ ಇರುವಂತೆ ನೋಡಿಕೊಂಡು ಸಿಸ್‌ಪ್ಲಾಟಿನ್ ಹರಿಸಿದವರ ನಡುಮಟ್ಟದ ಆಯುಷ್ಯ 45.7 ತಿಂಗಳು, ಆಪರೇಷನ್ ಮಾತ್ರ ಆದವರದು 33.9 ತಿಂಗಳು. ಹೆಚ್ಚುಕಡಿಮೆ ಒಂದು ವರ್ಷ. ಒಂದು ವರ್ಷ ಎಂದರೆ ಮಗಳ ಮದುವೆ, ಮೊಮ್ಮಗನ ಜವಳ. ಸಣ್ಣ ಮಾತಲ್ಲ.

ಈಗ ಸೋತದ್ದು. ಅದೇ ಹೈಪೆಕ್ ಅನ್ನು ಫ್ರಾನ್ಸಿನಲ್ಲಿ ದೊಡ್ಡ ಕರುಳಿನಿಂದ ಹೊಟ್ಟೆಗೆ ಹರಡಿದ ಕ್ಯಾನ್ಸರಿಗೆ ಪರೀಕ್ಷಿಸಿದರು. ಮದ್ದು ಬೇರೆ, ಆಕ್ಸಾಲಿಪ್ಲಾಟಿನ್. ಕಾವು 43 ಡಿಗ್ರಿ. ಹೊತ್ತು 30 ನಿಮಿಷ. 265 ರೋಗಿಗಳು. 2021ರಲ್ಲಿ ಫಲ ಪ್ರಕಟವಾಯಿತು: 41.7 ತಿಂಗಳು ಮತ್ತು 41.2 ತಿಂಗಳು. ವ್ಯತ್ಯಾಸವೇ ಇಲ್ಲ. ಒಂದು ಗಂಟಿಗೆ ಕೂಡಿಬಂದದ್ದು ಇನ್ನೊಂದಕ್ಕೆ ಕೂಡಿಬರಲಿಲ್ಲ.

ಥರ್ಮೋಡಾಕ್ಸ್‌ನ ಗತಿಯೂ ಹೀಗೇ. ಯಕೃತ್ತಿನ ಕ್ಯಾನ್ಸರ್ ಇದ್ದ 701 ಜನರ ಮೇಲೆ ನಡೆದ ಪರೀಕ್ಷೆ 2013ರಲ್ಲಿ ಗುರಿ ಮುಟ್ಟಲಿಲ್ಲ. ಅಂಕಿಗಳನ್ನು ಮತ್ತೆ ಜಾಲಾಡಿದಾಗ, 45 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಾವು ಪಡೆದವರಿಗೆ ಗುಣ ಕಂಡಂತಿತ್ತು. ಆ ಆಸೆಯ ಮೇಲೆ 556 ಜನರ ಇನ್ನೊಂದು ಪರೀಕ್ಷೆ ಹೂಡಿದರು. 2020ರಲ್ಲಿ ಅದೂ ಕೈಕೊಟ್ಟಿತು. ಗಂಟಿನೊಳಗೆ ಮದ್ದು ಹೆಚ್ಚು ತಲುಪುವುದು ಒಂದು, ರೋಗಿ ಹೆಚ್ಚು ದಿನ ಬದುಕುವುದು ಇನ್ನೊಂದು. ಮೊದಲನೆಯದು ಆದ ಮಾತ್ರಕ್ಕೆ ಎರಡನೆಯದು ಆಗಿಯೇ ತೀರುತ್ತದೆ ಎನ್ನುವಂತಿಲ್ಲ.

ಈ ಸೋಲುಗಳನ್ನು ಬರೆದದ್ದು ಎದೆಗುಂದಿಸಲಿಕ್ಕಲ್ಲ. ಸೋತೆವು ಎಂದು ಅಂಕಿ ಸಮೇತ ಒಪ್ಪಿಕೊಳ್ಳುವವರ ಗೆಲುವನ್ನು ನಂಬಬಹುದು. ಬಿಸಿ ಎಳನೀರಿನ ಸಂದೇಶ ಯಾರಲ್ಲಿ ಸೋತಿತು ಎಂದು ಯಾರೂ ಬರೆದಿಡುವುದಿಲ್ಲ.

ನಮ್ಮ ಮುಂಬಯಿಯಲ್ಲೂ

ಈ ಕೆಲಸ ಪರದೇಶದಲ್ಲಷ್ಟೇ ನಡೆಯುತ್ತಿಲ್ಲ. ಪೊವಾಯಿಯ ಐಐಟಿ ಮತ್ತು ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ವಿಭಾಗ ಆಕ್ಟ್ರೆಕ್, ಎರಡರ ವಿಜ್ಞಾನಿಗಳೂ ಸೇರಿ 2015ರಲ್ಲಿ ಪ್ರಕಟಿಸಿದ ಕೆಲಸ ಒಂದಿದೆ. ಕೊಬ್ಬಿನ ಗುಳ್ಳೆಗೆ ಚಿನ್ನದ ತೆಳುಲೇಪ ಕೊಟ್ಟು, ಅದು ಗಂಟಿಗೆ ಸೇರಿದ ಮೇಲೆ ಲೇಸರ್ ಬೆಳಕು ಬಿಟ್ಟು ಕಾಯಿಸುವುದು ಅದರ ಉಪಾಯ. ಕೆಲಸ ಮುಗಿದ ಮೇಲೆ ಚಿನ್ನ ಮೈಯಲ್ಲೇ ಉಳಿಯಬಾರದು. ಅದಕ್ಕೆ ಗುಳ್ಳೆ ಒಡೆದು ಅತಿಸಣ್ಣ ತುಣುಕಾಗಿ ಮೂತ್ರಪಿಂಡ, ಯಕೃತ್ತಿನ ದಾರಿಯಲ್ಲಿ ಹೊರಹೋಗುವಂತೆ ಮಾಡಿದ್ದಾರೆ. ಇದು ನಡೆದದ್ದು ಇಲಿಗಳಲ್ಲಿ. ಇಲಿಯಿಂದ ಮನುಷ್ಯನಿಗೆ ಬರುವ ದಾರಿ ಎಷ್ಟು ದೂರ ಎಂಬುದನ್ನು ಥರ್ಮೋಡಾಕ್ಸ್ ಕಥೆ ಹೇಳಿಯೇ ಇದೆ. ಆದ್ದರಿಂದ “ಚಿನ್ನದಿಂದ ಕ್ಯಾನ್ಸರ್ ಗುಣ” ಎಂದು ಯಾರಾದರೂ ಬೋರ್ಡು ಹಾಕಿಕೊಂಡರೆ ಇಂದೇ ನಂಬಬೇಡಿ.

ಮನೆಯ ಸಾಮಾನು ಮದ್ದಾಗಲಾರದೇ ಎಂದರೆ, ಆಗಬಹುದು. ಆದರೆ ಪರೀಕ್ಷೆಯಲ್ಲಿ ಗೆದ್ದು ಬರಬೇಕು. ಇದೇ ಟಾಟಾ ಆಸ್ಪತ್ರೆಯವರು 1998ರಿಂದ ಮುಂಬಯಿಯ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಮಹಿಳೆಯರ ಮೇಲೆ ಒಂದು ಅಧ್ಯಯನ ನಡೆಸಿದರು. ವಿನೆಗರ್‌ನಲ್ಲಿರುವ ಆಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಸವರಿ, ಬೆಳ್ಳಗಾದ ಜಾಗ ಕಂಡರೆ ಮುಂದಿನ ತಪಾಸಣೆಗೆ ಕಳಿಸುವುದು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಇದನ್ನು ಮಾಡಿದರು. ಹೀಗೆ ತಪಾಸಣೆಯಾದವರಲ್ಲಿ ಗರ್ಭಕಂಠದ ಕ್ಯಾನ್ಸರ್ ಸಾವು ಶೇಕಡಾ 31ರಷ್ಟು ಇಳಿಯಿತು. ವಿನೆಗರ್ ಅಗ್ಗ, ಲೆಕ್ಕ ಮಾತ್ರ ಅಗ್ಗದ್ದಲ್ಲ, ವರ್ಷಗಟ್ಟಲೆ ಹಿಡಿಯಿತು.

ಜ್ವರದ ಮಾತು

ಕೊನೆಗೆ ಅಕ್ಕನ ಜ್ವರಕ್ಕೆ ಬರೋಣ. ಈ ಬರಹ ಶುರುವಾದದ್ದೇ ಅಲ್ಲಿಂದ.

ಜ್ವರದಿಂದ ಗಂಟು ಕರಗಿದ್ದುಂಟೇ? ಒಂದು ಹಳೆಯ ಕಥೆ ಇದೆ. 1891ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯ ವಿಲಿಯಂ ಕೋಲಿ, ಇಟಲಿಯಿಂದ ವಲಸೆ ಬಂದಿದ್ದ ರೋಗಿಯೊಬ್ಬನಿಗೆ ಬೇಕೆಂದೇ ರೋಗಾಣು ಚುಚ್ಚಿ ಜ್ವರ ಬರಿಸಿದರು. ಕತ್ತಿನ ಗಂಟು ಇಳಿಯಿತು. ಮುಂದೆ ಅನೇಕರಿಗೆ ಹೀಗೆ ಮಾಡಿದರು. ಕೆಲವರಿಗೆ ಗುಣವಾಯಿತು, ಸೋಂಕಿನಿಂದಲೇ ಸತ್ತವರೂ ಇದ್ದರು. ಯಾರಿಗೆ ಏನಾಗುತ್ತದೆ ಎಂದು ಹೇಳಲು ಕೋಲಿಯವರಿಗೆ ಆಗುತ್ತಿರಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಬರೀ ಕಾವಲ್ಲ, ಜ್ವರದ ಜೊತೆ ಎಚ್ಚೆತ್ತ ಶರೀರದ ರೋಗನಿರೋಧಕ ಪಡೆ ಎಂದು ಇಂದಿನ ತಿಳಿವಳಿಕೆ.

ಕೀಮೋ ಆದವರಲ್ಲಿ ಆ ಪಡೆಯೇ ಮಲಗಿರುತ್ತದೆ. ಮದ್ದು ಹಾಕಿದ ಒಂದರಿಂದ ಎರಡು ವಾರದ ನಡುವೆ ಬಿಳಿ ಕಣಗಳು ಅತಿ ಕೆಳಗೆ ಇಳಿಯುತ್ತವೆ. ಆಗ ಒಳಹೊಕ್ಕ ರೋಗಾಣುವನ್ನು ತಡೆಯುವವರು ಯಾರೂ ಇರುವುದಿಲ್ಲ. ಕೆಮ್ಮು, ಕೀವು ಯಾವ ಗುರುತೂ ಕಾಣದೆ ಬರೀ ಜ್ವರವಷ್ಟೇ ಕಾಣಬಹುದು. ಆ ಜ್ವರ ಗಂಟನ್ನು ಕರಗಿಸುವ ಬಿಸಿಯಲ್ಲ. ಮನೆಗೆ ಕಳ್ಳ ಹೊಕ್ಕಾಗ ನಾಯಿ ಬೊಗಳಿದ ಹಾಗೆ ಅದು. ಬೊಗಳುವುದು ಒಳ್ಳೆಯದೇ, ಏಳಬೇಕಾದವರು ನಾವು.

ಆದ್ದರಿಂದ ಕೀಮೋ ನಡೆಯುತ್ತಿರುವವರು ಮನೆಯಲ್ಲಿದ್ದರೆ ಈ ನಾಲ್ಕು ಮಾತು ಗೋಡೆಗೆ ಅಂಟಿಸಿಡಿ.

ಒಂದು, ಮನೆಯಲ್ಲಿ ಥರ್ಮಾಮೀಟರ್ ಇರಲಿ. ಅಂಗೈಯಿಂದ ಹಣೆ ಮುಟ್ಟಿ ನೋಡಿದ್ದು ಲೆಕ್ಕಕ್ಕಿಲ್ಲ.

ಎರಡು, 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮೈ ನಡುಗಿದರೆ, ರಾತ್ರಿ ಎರಡು ಗಂಟೆಯಾದರೂ ಆಸ್ಪತ್ರೆಗೆ ಹೋಗಿ. ಕೀಮೋ ಆಗಿ ಎಷ್ಟನೆಯ ದಿನ ಎಂದು ಹೋದ ಕೂಡಲೇ ಹೇಳಿ. ವೈದ್ಯರನ್ನು ಕೇಳದೆ ಜ್ವರದ ಗುಳಿಗೆ ನುಂಗಿಸಿ ಜ್ವರವನ್ನು ಮುಚ್ಚಿಡಬೇಡಿ.

ಮೂರು, ಯಾರಾದರೂ ಶಾಖ ಚಿಕಿತ್ಸೆ ಎಂದು ಹೇಳಿದರೆ ಮೂರು ಪ್ರಶ್ನೆ ಕೇಳಿ. ನನ್ನ ಜಾತಿಯ ಕ್ಯಾನ್ಸರಿಗೆ ಇದರ ಪರೀಕ್ಷೆ ಆಗಿದೆಯೇ? ಗಂಟಿನ ಬಿಸಿಯನ್ನು ಎಲ್ಲಿ, ಹೇಗೆ ಅಳೆಯುತ್ತೀರಿ? ಇದು ಕೀಮೋ ಜೊತೆಗೋ, ಬದಲಿಗೋ? “ಬದಲಿಗೆ” ಎಂದರೆ ಎದ್ದು ಬನ್ನಿ.

ನಾಲ್ಕು, ಮೊಬೈಲಿನಲ್ಲಿ ಬಂದದ್ದನ್ನು ನಿಮ್ಮ ವೈದ್ಯರಿಗೋ ನರ್ಸಿಗೋ ತೋರಿಸಲು ನಾಚಬೇಡಿ. ಭಾಷೆ ಬಾರದಿದ್ದರೆ ಹಿಂದಿಯೋ ಮರಾಠಿಯೋ ಬಲ್ಲ ನಮ್ಮವರೊಬ್ಬರನ್ನು ಕರೆದುಕೊಂಡು ಹೋಗಿ. ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದು ನಾವು ಮಾಡಬಹುದಾದ ಉಪಕಾರ ಇದು.

ಕಳೆದ ವಾರ ಮತ್ತೆ ಆ ಮನೆಗೆ ಹೋಗಿದ್ದೆ. ಅಕ್ಕನಿಗೆ ಮುಂದಿನ ಕೀಮೋ ಆಗಿತ್ತು. ತಲೆಗೆ ಸೆರಗು ಹೊದ್ದು ಜೋಳದ ರೊಟ್ಟಿ ತಟ್ಟುವುದನ್ನು ತಂಗಿಗೆ ಕೂತಲ್ಲಿಂದಲೇ ಹೇಳಿಕೊಡುತ್ತಿದ್ದರು. ಗೋಡೆಯ ಮೊಳೆಗೆ ಹೊಸ ಥರ್ಮಾಮೀಟರ್ ದಾರ ಕಟ್ಟಿ ತೂಗುಹಾಕಿತ್ತು. ಪಕ್ಕದ ಕ್ಯಾಲೆಂಡರಿನಲ್ಲಿ ಕೀಮೋ ಆದ ದಿನದಿಂದ ಒಂದೊಂದೇ ಅಂಕಿ ಪೆನ್ಸಿಲಿನಲ್ಲಿ ಬರೆದಿತ್ತು.

“ಹಂಚು ಕಾದದೇನು ನೋಡು” ಎಂದರು ಅಕ್ಕ ತಂಗಿಗೆ. ತಂಗಿ ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿದಳು. ಚುರ್ ಎಂದಿತು.

“ಈಗ ಹಾಕು” ಎಂದರು.